ಮೂರು ಬ್ಯಾಟ್, ಮಾಡಿದ ಕೈ ಒಂದೇ: ಮಗನಿಗೆ ಯಾವುದು ತಗೊಳ್ಳಲಿ?

ಪ್ರಶ್ನೆ: ನಾನು ಕುಮಟಾ ಹತ್ತಿರದ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿ. ಮಗನಿಗೆ 16 ವರ್ಷ, ಎತ್ತರ 5 ಅಡಿ 7 ಇಂಚು. ಎರಡು ವರ್ಷದಿಂದ ಲೆದರ್ ಬಾಲ್‌ನಲ್ಲಿ ಕ್ರಿಕೆಟ್ ಆಡುತ್ತಿದ್ದಾನೆ, ರಜೆಯಲ್ಲಿ ಶಿರಸಿಗೆ ಕೋಚಿಂಗ್‌ಗೆ ಹೋಗುತ್ತಾನೆ. ಕೈಯಲ್ಲೇ ಬ್ಯಾಟ್ ಮಾಡುವ ಒಬ್ಬರು ಮೂರು ಬ್ಯಾಟ್ ತೋರಿಸಿದ್ದಾರೆ. ಒಂದು ಕಾಶ್ಮೀರ್ ವಿಲ್ಲೋ ಮರದ್ದು, 1,240 ಗ್ರಾಂ, 4,500 ರೂಪಾಯಿ. ಎರಡನೆಯದು ಇಂಗ್ಲಿಷ್ ವಿಲ್ಲೋ, ಆರು ಗ್ರೇನ್ (ಮರದ ಗೆರೆ), ಮುಖದ ಮೇಲೆ ಕಂದು ಕಲೆ, 1,190 ಗ್ರಾಂ, 13,000. ಮೂರನೆಯದೂ ಇಂಗ್ಲಿಷ್ ವಿಲ್ಲೋ, ಹನ್ನೊಂದು ಗ್ರೇನ್, ನೋಡಲು ಬಹಳ ಚಂದ, ಎಡ್ಜ್ (ಪಕ್ಕದ ಅಂಚು) ದಪ್ಪ, 1,150 ಗ್ರಾಂ, 24,000. ನಮ್ಮ ಮನೆಯವರು 'ಇದೆಲ್ಲ ಯಾಕೆ, ಹೆಸರಿರುವ ಕಂಪನಿಯದ್ದೇ ತಗೋ' ಅನ್ನುತ್ತಾರೆ. ಹೋಲಿಸಿ ನೋಡುವುದು ಹೇಗೆ? ನಮ್ಮ ಮಳೆಗಾಲದಲ್ಲಿ ಬ್ಯಾಟ್ ಉಳಿಸಿಕೊಳ್ಳುವುದು ಹೇಗೆ?

ಉತ್ತರ:

ಅಕ್ಕೋರೇ, ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನಾನಾಗಿದ್ದರೆ ಕಲೆ ಇರುವ ಆ ಎರಡನೆಯ ಬ್ಯಾಟನ್ನೇ ತಗೊಳ್ಳುತ್ತಿದ್ದೆ. ಆದರೆ ಒಂದು ಷರತ್ತಿದೆ. ಹುಡುಗ ಎತ್ತಿ ನೋಡಿದಾಗ ಅವನ ಕೈ ಒಪ್ಪಬೇಕು. ಒಪ್ಪದಿದ್ದರೆ ಮೂರೂ ಬೇಡ, ಅವರಿಗೇ ಇನ್ನೊಂದು ಮಾಡಿಕೊಡಲು ಹೇಳಿ.

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಕೂಡಿಕೊಂಡಿವೆ. ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಆ ಮೂರು ಬ್ಯಾಟ್ ಮಾಡಿದ ಕೈ ಒಂದೇ. ಉಜ್ಜುಗೊರಡು ಹಿಡಿದವರು ಅವರೇ, ಪ್ರೆಸ್ ಮಾಡಿದವರು ಅವರೇ, ಹ್ಯಾಂಡಲ್ ಕೂಡಿಸಿದವರೂ ಅವರೇ. ಹಾಗಾಗಿ ಅವುಗಳ ನಡುವಿನ ವ್ಯತ್ಯಾಸ ಬಹುಪಾಲು ಮರದ್ದು. ಅದೇ ಅವರ ಬ್ಯಾಟನ್ನು ಅಂಗಡಿಯ ಬ್ಯಾಟಿನ ಪಕ್ಕ ಇಟ್ಟರೆ ಮರ ಒಂದೇ ಕಡೆಯದ್ದಿರಬಹುದು, ಕೈ ಬೇರೆ. ಅಲ್ಲಿ ನೋಡಬೇಕಾದದ್ದು ಕೆಲಸವನ್ನು. ರಿಪೇರಿಗೆ ನನ್ನ ಹತ್ತಿರ ಬರುವವರಲ್ಲಿ ತುಂಬ ಜನ ಇದನ್ನು ಉಲ್ಟಾ ಮಾಡಿಕೊಂಡಿರುತ್ತಾರೆ. ಎಲ್ಲಿ ನೋಡಿದರೂ ಗ್ರೇನ್ ಎಣಿಸುವುದೇ ಕೆಲಸ.

ಸರಿ, ಮರದ ಮಾತು. ಇಂಗ್ಲಿಷ್ ವಿಲ್ಲೋ ಬರುವುದು ಇಂಗ್ಲೆಂಡಿನ ಎಸೆಕ್ಸ್, ಸಫೋಕ್ ಕಡೆಯಿಂದ. ಹಳ್ಳದ ದಡ, ಒದ್ದೆ ನೆಲ ಅಂದರೆ ಅದಕ್ಕೆ ಪ್ರೀತಿ. ನೆಟ್ಟು 15ರಿಂದ 20 ವರ್ಷಕ್ಕೆ ಕಡಿಯಲು ಬರುತ್ತದೆ. ದಿಮ್ಮಿಯನ್ನು ಬ್ಯಾಟಿನ ಉದ್ದಕ್ಕೆ ಕತ್ತರಿಸಿ, ನಾವು ಸೌದೆ ಸೀಳುವ ಹಾಗೆ ಎಳೆಯ ಜಾಡಿನಲ್ಲೇ ಸೀಳುತ್ತಾರೆ. ಆ ಸೀಳಿಗೆ ಕ್ಲೆಫ್ಟ್ ಅನ್ನುತ್ತಾರೆ. ಹೀಗೆ ಸೀಳಿದರೆ ಮರದ ಎಳೆ ಮೇಲಿಂದ ಕೆಳಗೆ ತುಂಡಾಗದೆ ಹರಿದಿರುತ್ತದೆ. ನಮ್ಮ ದೇಶಕ್ಕೆ ಬರುವ ಇಂಗ್ಲಿಷ್ ಕ್ಲೆಫ್ಟ್‌ಗಳಲ್ಲಿ ಹೆಚ್ಚಿನವು ಮೀರತ್, ಜಲಂಧರ್ ಸೇರುತ್ತವೆ. ಚಿಕ್ಕ ತಯಾರಕರು ಸಾಮಾನ್ಯವಾಗಿ ಅಲ್ಲಿಂದಲೇ ಹತ್ತಿಪ್ಪತ್ತು ತುಂಡು ಆರಿಸಿ ತರುತ್ತಾರೆ.

ಕಾಶ್ಮೀರ್ ವಿಲ್ಲೋ ಅಂದರೆ ಅನಂತನಾಗ್ ಜಿಲ್ಲೆಯ ಸಂಗಮ್, ಹಲ್ಮುಲ್ಲಾ, ಬಿಜ್‌ಬೆಹಾರಾ ಕಡೆಯದ್ದು. ಶ್ರೀನಗರದ ಹೆದ್ದಾರಿಯ ಪಕ್ಕ ಕ್ಲೆಫ್ಟ್‌ಗಳನ್ನು ಗೋಪುರದ ಹಾಗೆ ಪೇರಿಸಿ ಗಾಳಿಗೆ ಒಣಗಿಸಿದ್ದನ್ನು ಫೋಟೋದಲ್ಲಾದರೂ ನೋಡಿರುತ್ತೀರಿ. ಮೂಲದಲ್ಲಿ ಎರಡೂ ಒಂದೇ ಬಿಳಿ ವಿಲ್ಲೋ ಜಾತಿ. ನೆಲ, ಹವೆ ಬೇರೆಯಾಗಿ ಕಾಶ್ಮೀರದ್ದು ಹೆಚ್ಚು ಗಟ್ಟಿ, ಹೆಚ್ಚು ಭಾರ, ಬಣ್ಣ ಸ್ವಲ್ಪ ಕಂದು. ಪೆಟ್ಟು ತಡೆದುಕೊಳ್ಳುತ್ತದೆ, ಆದರೆ ಚೆಂಡು ಚಿಮ್ಮುವುದರಲ್ಲಿ ಒಳ್ಳೆಯ ಇಂಗ್ಲಿಷ್ ಮರದಷ್ಟು ಬರುವುದಿಲ್ಲ. ಟೆನಿಸ್ ಬಾಲ್ ಟೂರ್ನಮೆಂಟಿಗೆ ಅದು ಬೇಕಾದಷ್ಟಾಯಿತು. ನಮ್ಮ ಕರಾವಳಿಯ ಹುಡುಗರು ಅದರಲ್ಲೇ ಚೆಂಡನ್ನು ತೆಂಗಿನ ತೋಟ ದಾಟಿಸುತ್ತಾರೆ. ಲೆದರ್ ಬಾಲ್ ಕಲಿಯುವ ಮೊದಲ ವರ್ಷಕ್ಕೂ ಸಾಕು. ನಿಮ್ಮ ಮಗ ಆ ಹಂತ ದಾಟಿದ್ದಾನೆ. ಮೇಲಾಗಿ 1,240 ಗ್ರಾಂ ಅವನ ಕೈಗೆ ಜಾಸ್ತಿ. ಮೊದಲನೆಯದನ್ನು ಇಲ್ಲಿಗೇ ಬಿಡೋಣ.

ಈಗ ಆರು ಗ್ರೇನ್, ಹನ್ನೊಂದು ಗ್ರೇನ್. ಮುಖದ ಮೇಲೆ ಕಾಣುವ ಒಂದೊಂದು ಗೆರೆಯೂ ಮರದ ಒಂದೊಂದು ವರ್ಷ, ಅಷ್ಟೇ. ಬೇಗ ಬೆಳೆದ ಮರದಲ್ಲಿ ಗೆರೆ ದೂರ ದೂರ, ನಿಧಾನ ಬೆಳೆದದ್ದರಲ್ಲಿ ಒತ್ತೊತ್ತು. ಒತ್ತು ಗ್ರೇನಿನ ಬ್ಯಾಟ್ ಸಾಮಾನ್ಯವಾಗಿ ಮೊದಲ ವಾರದಿಂದಲೇ ಚೆನ್ನಾಗಿ ಹೊಡೆಯುತ್ತದೆ, ಅದರ ಆಯುಸ್ಸು ಕಡಿಮೆ. ಅಗಲ ಗ್ರೇನಿನದ್ದು ಪಳಗಲು ಟೈಮ್ ತಗೊಳ್ಳುತ್ತದೆ, ಪಳಗಿದ ಮೇಲೆ ಹೆಚ್ಚು ದಿನ ಬಾಳುತ್ತದೆ. ವರ್ಷಕ್ಕೆ ನಾಲ್ಕು ಬ್ಯಾಟ್ ಪುಕ್ಕಟೆ ಬರುವ ಆಟಗಾರನಿಗೆ ಹನ್ನೊಂದು ಗ್ರೇನ್ ಸರಿ. ಒಂದೇ ಬ್ಯಾಟಿನಲ್ಲಿ ಎರಡು ಮೂರು ಸೀಸನ್ ದಾಟಿಸಬೇಕಾದ ಮನೆಗೆ ಆರು ಗ್ರೇನೇ ವಾಸಿ. ಗ್ರೇನ್ ಎಷ್ಟು ಅನ್ನುವುದಕ್ಕಿಂತ ನೇರ ಇದೆಯಾ ನೋಡಿ. ಹ್ಯಾಂಡಲ್ ಕಡೆಯಿಂದ ಟೋ (ಬ್ಯಾಟಿನ ಕೆಳತುದಿ) ತನಕ ಗೆರೆ ನೆಟ್ಟಗೆ ಇಳಿದಿರಬೇಕು. ಅರ್ಧಕ್ಕೇ ಎಡ್ಜ್ ಕಡೆ ವಾಲಿ ಹೊರಗೆ ಹೋಗಿದ್ದರೆ ಅಲ್ಲೇ ಸಿಪ್ಪೆ ಏಳುವುದು.

ಕಲೆಯಿಂದ ಆಟಕ್ಕೆ ಏನೂ ಆಗುವುದಿಲ್ಲ. ವಿಲ್ಲೋ ಮರದಲ್ಲಿ ಚಿಟ್ಟೆ ರೆಕ್ಕೆಯಂಥ ಕಂದು ಕಲೆ ಬರುತ್ತದೆ, ಅದಕ್ಕೆ ಬಟರ್‌ಫ್ಲೈ ಅಂತಲೇ ಹೆಸರು. ಗ್ರೇಡ್ ಹಾಕುವಾಗ ರೂಪಕ್ಕೆ ಅಂಕ ಜಾಸ್ತಿ, ಆದ್ದರಿಂದ ಇಂಥದ್ದು ಕೆಳಗಿನ ಗ್ರೇಡಿಗೆ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ನಮ್ಮಂಥವರಿಗೆ ಅದೇ ಲಾಭ. ಒಬ್ಬರು ಗ್ರೇಡ್ ಒಂದು ಅಂದದ್ದನ್ನು ಇನ್ನೊಬ್ಬರು ಎರಡು ಅನ್ನಬಹುದು, ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ. ಕಲೆಗೆ ಹೆದರಬೇಡಿ, ಗಂಟಿಗೆ ಹೆದರಿ. ಚೆಂಡು ಬೀಳುವ ಜಾಗದಲ್ಲೋ ಎಡ್ಜ್‌ನಲ್ಲೋ ಸಣ್ಣ ಗಂಟಿದ್ದರೂ ಯಾಕೆ ಅಂತ ಕೇಳಿ.

24,000ದ ಬ್ಯಾಟಿನ ಬಗ್ಗೆ ನನಗಿರುವ ಅನುಮಾನ ಬೇರೆ. ದಪ್ಪ ಎಡ್ಜ್, ಆದರೂ 1,150 ಗ್ರಾಂ. ಮರ ಹುಟ್ಟಿನಲ್ಲೇ ಹಗುರ ಇದ್ದಿರಬಹುದು, ಅದು ಅದೃಷ್ಟ. ಇಲ್ಲವಾದರೆ ತೇವವನ್ನು ಬೇಕಾದ್ದಕ್ಕಿಂತ ಜಾಸ್ತಿ ತೆಗೆದಿದ್ದಾರೆ. ಬ್ಯಾಟಿನ ಮರದಲ್ಲಿ ಶೇಕಡಾ 10ರಿಂದ 12ರಷ್ಟು ತೇವ ಉಳಿದಿದ್ದರೆ ಚೆನ್ನ. ಅದಕ್ಕಿಂತ ಒಣಗಿಸಿದರೆ ದಪ್ಪ ಬ್ಯಾಟೂ ಹಗುರ ಆಗುತ್ತದೆ, ಚೆಂಡೂ ಹಾರುತ್ತದೆ, ಆದರೆ ಮರ ಪೆಡಸಾಗಿ ಬೇಗ ಬಿರಿಯುತ್ತದೆ. ಹಾಗೆ ಒಣಗಿಸಿದ್ದನ್ನು ಕುಮಟಾದ ಹವೆಗೆ ತಂದರೆ ಅದು ಸುಮ್ಮನಿರುತ್ತದಾ? ಕುಡಿಯುತ್ತದೆ. ಜುಲೈಯಲ್ಲಿ ತೂಗಿ ನೋಡಿದರೆ ನೀವು ದುಡ್ಡು ಕೊಟ್ಟ ಹಗುರ ಅಷ್ಟಿಷ್ಟು ಕರಗಿರುತ್ತದೆ. 'ತೇವ ಎಷ್ಟಿದೆ' ಅಂತ ತಯಾರಕರನ್ನು ನೇರ ಕೇಳಿ. ಒಳ್ಳೆಯ ಕೆಲಸಗಾರರ ಹತ್ತಿರ ಮೀಟರ್ ಇರುತ್ತದೆ, ಚುಚ್ಚಿ ತೋರಿಸುತ್ತಾರೆ. ಹಾಗೇ ಎಡ್ಜ್ ದಪ್ಪವೂ ಒಂದು ಮಿತಿಯೊಳಗೇ ಇರಬೇಕು. 2017ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ ಎಡ್ಜ್ 40 ಮಿಲಿಮೀಟರ್, ಬೆನ್ನು ಸೇರಿ ಒಟ್ಟು ದಪ್ಪ 67 ಮಿಲಿಮೀಟರ್ ಮೀರುವ ಹಾಗಿಲ್ಲ. ಅಗಲ 108 ಮಿಲಿಮೀಟರ್, ಅದು ಹಳೆಯ ನಿಯಮ.

ತೂಕಕ್ಕಿಂತ ಪಿಕಪ್, ಅಂದರೆ ಎತ್ತಿದಾಗ ಕೈಗೆ ಅನ್ನಿಸುವ ಭಾರ, ಮುಖ್ಯ. ಇದನ್ನು ಎಷ್ಟು ಸಲ ಹೇಳಿದರೂ ಜನ ತಕ್ಕಡಿಯನ್ನೇ ನಂಬುತ್ತಾರೆ. ನನ್ನ ಬೆಂಚಿನ ಮೇಲೆ ನಾನು ಮಾಡಿ ತೋರಿಸುವ ಒಂದು ಚಿಕ್ಕ ಆಟ ಇದೆ, ಮನೆಯಲ್ಲಿ ನೀವೂ ಮಾಡಿ. ಮಗನ ಹಳೆಯ ಬ್ಯಾಟ್ ತಗೊಳ್ಳಿ. ಕಣ್ಣು ಮುಚ್ಚಿ ಎತ್ತಲು ಹೇಳಿ. ಆಮೇಲೆ ಹ್ಯಾಂಡಲ್ ಮೇಲೆ ಇನ್ನೊಂದು ಗ್ರಿಪ್ ಏರಿಸಿ ಮತ್ತೆ ಎತ್ತಿಸಿ. ಗ್ರಿಪ್ಪಿನ ತೂಕ ಸುಮಾರು 50 ಗ್ರಾಂ. ಬ್ಯಾಟ್ ಅಷ್ಟು ಭಾರ ಆಗಿದೆ, ಆದರೆ ಹುಡುಗ 'ಈಗ ಹಗುರ ಅನ್ನಿಸ್ತಿದೆ' ಅನ್ನುತ್ತಾನೆ. ಭಾರ ಕೈಯ ಕಡೆ ಬಂತು, ಕೆಳಗಿನ ಎಳೆತ ಕಡಿಮೆಯಾಯಿತು, ಅಷ್ಟೇ ವಿಷಯ. ಆದ್ದರಿಂದ 1,150 ಮತ್ತು 1,190ರ ನಡುವಿನ 40 ಗ್ರಾಂ ಅನ್ನುವ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಆ 40 ಗ್ರಾಂ ಎಲ್ಲಿದೆ ಅನ್ನುವುದು ತಿಳಿಯಬೇಕು.

ಪರೀಕ್ಷೆ ಹೀಗೆ ಮಾಡಿ. ಮಗ ತನ್ನ ಗ್ಲೌಸ್ ಹಾಕಿಕೊಂಡೇ ಹಿಡಿಯಲಿ, ಬರಿಗೈಯಲ್ಲಿ ಹ್ಯಾಂಡಲಿನ ದಪ್ಪ ಬೇರೆ ಅನ್ನಿಸುತ್ತದೆ. ಮೇಲಿನ ಕೈ ಒಂದರಲ್ಲೇ ಹತ್ತು ಸಲ ನಿಧಾನ ಎತ್ತಿ ಇಳಿಸಲಿ. ಮಣಿಕಟ್ಟು ಎಷ್ಟನೇ ಸಲಕ್ಕೆ ಸೋಲುತ್ತದೆ ನೋಡಿ. ಆಮೇಲೆ ಎರಡೂ ಕೈಯಲ್ಲಿ ಸ್ಟ್ರೇಟ್ ಡ್ರೈವ್, ಕಟ್, ಪುಲ್ ಆಡಿದ ಹಾಗೆ ಬೀಸಲಿ. ಪುಲ್ ಆಡುವಾಗ ಬ್ಯಾಟ್ ತಡವಾಗಿ ಬಂದ ಹಾಗೆ ಅನ್ನಿಸಿದರೆ ಅದು ಅವನಿಗಲ್ಲ. ಸ್ಟಿಕರ್ ಮೇಲೆ ಬಟ್ಟೆ ಸುತ್ತಿ, ಬೆಲೆ ಹೇಳದೆ ಕೊಡಿ. ಬೆಲೆ ಗೊತ್ತಾದ ಮೇಲೆ ಮಕ್ಕಳ ಕೈ ಸುಳ್ಳು ಹೇಳುತ್ತದೆ, ಅಪ್ಪಂದಿರ ಕೈ ಇನ್ನೂ ಜಾಸ್ತಿ.

ಭಾರ ಎಲ್ಲಿದೆ ಅನ್ನುವುದಕ್ಕೆ ನಮ್ಮ ಊರಿನ ಪಿಚ್ಚೂ ಸೇರುತ್ತದೆ. ಬ್ಯಾಟಿನ ಬೆನ್ನಲ್ಲಿ ಉಬ್ಬಿದ ಭಾಗ ಇರುತ್ತದಲ್ಲ, ಅದರ ಎದುರಿಗೇ ಚೆಂಡು ಚೆನ್ನಾಗಿ ಚಿಮ್ಮುವುದು. ಉಬ್ಬು ಟೋಗೆ ಹತ್ತಿರ ಇದ್ದರೆ ಚೆಂಡು ಕೆಳಗೇ ಬರುವ ಪಿಚ್ಚಿಗೆ ಒಳ್ಳೆಯದು. ನಮ್ಮ ಕಡೆ ಲೆದರ್ ಬಾಲ್ ಆಟ ನಡೆಯುವುದು ಹೆಚ್ಚಾಗಿ ಮ್ಯಾಟಿಂಗ್ (ಪಿಚ್ಚಿಗೆ ಹಾಸಿದ ಚಾಪೆ) ಮೇಲೆ. ಮ್ಯಾಟ್ ಮೇಲೆ ಚೆಂಡು ಎದ್ದು ಬರುತ್ತದೆ, ಬ್ಯಾಟಿಗೆ ತಾಗುವುದು ಮೇಲ್ಗಡೆ. ಹುಬ್ಬಳ್ಳಿ ಕಡೆ ಪಂದ್ಯಕ್ಕೆ ಹೋದರೆ ಟರ್ಫ್ (ಹುಲ್ಲಿನ ಪಿಚ್) ಸಿಗುತ್ತದೆ, ಅಲ್ಲಿ ಅಷ್ಟು ಏಳುವುದಿಲ್ಲ. ಎರಡೂ ಕಡೆ ಆಡುವ ಹುಡುಗನಿಗೆ ಉಬ್ಬು ನಡುವಿನಲ್ಲಿರುವ ಬ್ಯಾಟ್ ಸಾಕು. ಟಿವಿಯಲ್ಲಿ ಕಂಡ ಸ್ಟಾರ್ ಆಟಗಾರನ ಬ್ಯಾಟಿನ ಉಬ್ಬು ಎಲ್ಲಿದೆ ಅಂತ ನೋಡಿ ತಗೊಂಡು, ಮ್ಯಾಟ್ ಮೇಲೆ ಪ್ರತಿ ಚೆಂಡನ್ನೂ ಸ್ಟಿಕರ್ ಹತ್ತಿರ ತಾಗಿಸಿಕೊಂಡು ಕೈ ಜುಮ್ಮೆನ್ನಿಸಿಕೊಂಡ ಹುಡುಗರನ್ನು ನಾನು ಬಹಳ ನೋಡಿದ್ದೇನೆ. ಅವರು ಬ್ಯಾಟ್ ಸತ್ತುಹೋಗಿದೆ ಅನ್ನುತ್ತಾರೆ. ಬ್ಯಾಟ್ ಬದುಕಿಯೇ ಇರುತ್ತದೆ, ಚೆಂಡು ಬೇರೆ ಕಡೆ ಬೀಳುತ್ತಿರುತ್ತದೆ.

ಕಣ್ಣಿಗೆ ಕಾಣದ ಕೆಲಸ ಪ್ರೆಸ್ಸಿಂಗ್. ವಿಲ್ಲೋ ಮೆತ್ತನೆಯ ಮರ. ಅದನ್ನು ರೋಲರ್ ಅಡಿ ಒತ್ತಿ ಮೇಲ್ಪದರ ಗಟ್ಟಿ ಮಾಡುತ್ತಾರೆ. ಕಡಿಮೆ ಒತ್ತಿದರೆ ಚೆಂಡಿನ ಗುರುತು ಕುಳಿ ಕುಳಿಯಾಗಿ ಬೀಳುತ್ತದೆ. ಜಾಸ್ತಿ ಒತ್ತಿದರೆ ಹಲಗೆಯ ಹಾಗೆ ಆಗುತ್ತದೆ, ಚಿಮ್ಮುವುದಿಲ್ಲ. ಕೈಗೆಲಸದವರು ತುಂಡು ನೋಡಿ ಒತ್ತಡ ಹೊಂದಿಸುತ್ತಾರೆ. ಅವರ ಹತ್ತಿರ ಬ್ಯಾಟ್ ತಗೊಳ್ಳಲು ದೊಡ್ಡ ಕಾರಣ ಅಂದರೆ ಇದೇ. ನೋಡಲು ಒಂದು ಹಳೆಯ ಲೆದರ್ ಬಾಲ್ ಸಾಕು. ಹ್ಯಾಂಡಲನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು, ಚೆಂಡನ್ನು ಮುಖದ ಮೇಲೆ ಟೋದಿಂದ ಸ್ಟಿಕರ್ ತನಕ ಒಂದೊಂದು ಇಂಚು ಸರಿಸುತ್ತಾ ಪುಟಿಸಿ. ಎಷ್ಟು ಎತ್ತರ ಎದ್ದಿತು ಅನ್ನುವುದಕ್ಕಿಂತ ಎಷ್ಟು ಉದ್ದದ ಜಾಗದಲ್ಲಿ ಚೆನ್ನಾಗಿ ಎದ್ದಿತು ನೋಡಿ. ಸದ್ದಿಗೆ ಮರುಳಾಗಬೇಡಿ. ಶೀಟಿನ ಮಾಡಿನ ಕೆಳಗೆ ಎಲ್ಲ ಬ್ಯಾಟೂ ಢಣ್ ಅನ್ನುತ್ತದೆ.

ಇನ್ನು ಮರಗೆಲಸದವನ ಕಣ್ಣಿನಿಂದ. ಬಡಗಿ ರೀಪಿನ ಸೊಟ್ಟ ನೋಡುವುದನ್ನು ನೋಡಿದ್ದೀರಲ್ವಾ, ಒಂದು ಕಣ್ಣು ಮುಚ್ಚಿ? ಹಾಗೇ ಬ್ಯಾಟಿನ ಟೋ ಕಡೆಯಿಂದ ಹ್ಯಾಂಡಲ್ ಕಡೆಗೆ ನೋಡಿ. ಮುಖ ಸ್ವಲ್ಪ ಮುಂದಕ್ಕೆ ಬಾಗಿದ್ದರೆ ತೊಂದರೆ ಇಲ್ಲ, ತಿರುಚಿಕೊಂಡಿದ್ದರೆ ಬೇಡ. ಬ್ಯಾಟಿನ ಭುಜದ ಕೆಳಗೆ, ಹ್ಯಾಂಡಲ್ ವಿ ಆಕಾರದಲ್ಲಿ ಮರದೊಳಗೆ ಇಳಿದ ಜಾಗ ಸ್ಪ್ಲೈಸ್. 1880ರ ದಶಕದಲ್ಲಿ ಚಾರ್ಲ್ಸ್ ರಿಚರ್ಡ್‌ಸನ್ ಅನ್ನುವ ರೈಲ್ವೆ ಎಂಜಿನಿಯರ್ ಈ ಕೂಡಿಕೆ ಕಂಡುಹಿಡಿದರು ಅನ್ನುತ್ತಾರೆ, ಇವತ್ತಿಗೂ ಅದೇ ನಡೆದಿದೆ. ಹ್ಯಾಂಡಲ್ ಬೆತ್ತದ್ದು. ಪಟ್ಟಿ ಪಟ್ಟಿ ಮಾಡಿ, ನಡುವೆ ರಬ್ಬರ್ ಇಟ್ಟು ಅಂಟಿಸಿರುತ್ತಾರೆ. ಪೆಟ್ಟಿನ ಅದುರು ಕೈಗೆ ಬರದ ಹಾಗೆ ತಡೆಯುವುದು ಅದೇ. ಸ್ಪ್ಲೈಸಿನ ಗೆರೆಯ ಮೇಲೆ ಉಗುರು ಓಡಿಸಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಸಂದಿ ಇದೆ ಅಂತ ಲೆಕ್ಕ. ನಮ್ಮ ತೇವ ಒಳಗೆ ಹೋಗುವುದು ಅಲ್ಲಿಂದ.

ಸ್ಟಿಕರ್ ಹಚ್ಚುವ ಮೊದಲೇ ಬ್ಯಾಟ್ ತೋರಿಸಲು ಕೇಳಿ. ಅಂಗಡಿಯಲ್ಲಿ ಇದು ಆಗದ ಮಾತು. ನಿಮ್ಮ ಮನೆಯವರ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನಾನು ಒಮ್ಮೆ ಒಂದು ಅಂಗಡಿಯಲ್ಲಿ ಹೊಸ ಬ್ಯಾಟ್ ತಗೊಂಡು, ಎರಡು ತಿಂಗಳ ಮೇಲೆ ಸ್ಟಿಕರ್ ಎದ್ದಾಗ ನೋಡಿದರೆ ಕೆಳಗೆ ಅಂಟು ಮತ್ತು ಮರದ ಹುಡಿ ಕಲಸಿ ತುಂಬಿದ ಸೀಳು. ಅಂಗಡಿಯವರು ಬಿಲ್ಲಿನ ಹಿಂದೆ ಏನು ಬರೆದಿದೆ ಓದಿ ಅಂದರು. ಎಲ್ಲ ಕಂಪನಿಗಳೂ ಹೀಗೆ ಅನ್ನುತ್ತಿಲ್ಲ. ದೊಡ್ಡ ಹೆಸರಿನವರಲ್ಲೂ ಒಳ್ಳೆಯ ಕೈ ಇದೆ, ಮರ ಆರಿಸಲು ಅವರಿಗೆ ಸಾವಿರಾರು ತುಂಡು ಸಿಗುತ್ತದೆ. ಆದರೆ ಅಂಗಡಿಯ 13,000ದಲ್ಲಿ ಜಾಹೀರಾತು, ಆಟಗಾರರ ಒಪ್ಪಂದ, ನಡುವಿನವರ ಪಾಲು ಎಲ್ಲ ಸೇರಿರುತ್ತದೆ. ಅದೇ ದುಡ್ಡಿಗೆ ಚಿಕ್ಕ ತಯಾರಕರಲ್ಲಿ ಒಂದು ಮೆಟ್ಟಿಲು ಮೇಲಿನ ಮರ ಸಿಗುವುದು ಉಂಟು. ದೊಡ್ಡ ಆಟಗಾರರೇ ಬೇರೆಯವರ ಕೈಯಲ್ಲಿ ಬ್ಯಾಟ್ ಮಾಡಿಸಿ ಮೇಲೆ ಕಂಪನಿ ಸ್ಟಿಕರ್ ಹಚ್ಚಿಕೊಳ್ಳುವುದೂ ಗುಟ್ಟೇನಲ್ಲ.

ಇನ್ನೊಂದು ಲಾಭ ನಿಮಗೆ ಮುಂದೆ ಗೊತ್ತಾಗುತ್ತದೆ. ಆರು ತಿಂಗಳ ಮೇಲೆ ಹುಡುಗ 'ಟೋ ಕಡೆ ಎಳೆಯುತ್ತದೆ' ಅಂದರೆ, ಶಿರಸಿ ದಾರಿಯ ದೇವಿಮನೆ ಘಾಟಿ ಹತ್ತಿ ಬಂದು ಅವರ ಎದುರಿಗೇ ಬೆನ್ನಿನಿಂದ ನಾಲ್ಕು ಸಿಬಿರು ತೆಗೆಸಬಹುದು. ಹ್ಯಾಂಡಲ್ ಮುರಿದರೆ ಹೊಸದು ಕೂಡಿಸಿಕೊಡುತ್ತಾರೆ. ತಗೊಳ್ಳುವ ಮೊದಲು ಇದನ್ನೇ ಕೇಳಿ: ಸ್ಪ್ಲೈಸ್ ಬಿಟ್ಟುಕೊಂಡರೆ ಯಾರ ಖರ್ಚು? ಹ್ಯಾಂಡಲ್ ಮುರಿದರೆ? ಟೋ ಒಡೆದರೆ? ಮೊದಲ ಎರಡಕ್ಕೆ 'ನನ್ನದು' ಅಂದು, ಮೂರನೆಯದಕ್ಕೆ 'ಅದು ನಿಮ್ಮ ಕೈಯಲ್ಲಿದೆ' ಅಂದರೆ ಆ ಮನುಷ್ಯ ನಂಬಲು ಯೋಗ್ಯ. ಮೂರಕ್ಕೂ 'ಏನೂ ಆಗೋದಿಲ್ಲ ಬಿಡಿ' ಅಂದರೆ ಚಹಾ ಕುಡಿದು ವಾಪಸ್ ಬನ್ನಿ.

ಅಳತೆಯ ಬಗ್ಗೆ ಎರಡೇ ಮಾತು. 5 ಅಡಿ 7 ಇಂಚಿಗೆ ಶಾರ್ಟ್ ಹ್ಯಾಂಡಲ್ ಸರಿ. ಹೆಸರಲ್ಲಿ ಶಾರ್ಟ್ ಇದ್ದರೂ ದೊಡ್ಡವರ ಮಾಮೂಲಿ ಅಳತೆ ಅದೇ. 'ಮುಂದೆ ಬೆಳೆಯುತ್ತಾನೆ' ಅಂತ ಲಾಂಗ್ ಹ್ಯಾಂಡಲ್ ಕೊಡಿಸಬೇಡಿ, ಬ್ಯಾಟ್ ಯೂನಿಫಾರ್ಮ್ ಅಲ್ಲ.

ಈಗ ಮಳೆಗಾಲ. ನನ್ನ ಮೊದಲ ಇಂಗ್ಲಿಷ್ ವಿಲ್ಲೋ ಬ್ಯಾಟ್ ಸತ್ತದ್ದು ಮನೆಯಲ್ಲೇ. ಜೂನ್ ಕೊನೆಗೆ ಒದ್ದೆ ಮ್ಯಾಟ್ ಮೇಲೆ ಆಡಿ ಬಂದಿದ್ದೆ, ಟೋ ನೀರು ಕುಡಿದು ಉಬ್ಬಿತ್ತು. ಆಯಿಗೆ ಪಾಪ ಅನ್ನಿಸಿತು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಕಂಬಳಿ ಒಣಗಿಸುವ ಜಾಗದಲ್ಲಿ ಬ್ಯಾಟನ್ನೂ ಇಟ್ಟರು. ನಾಲ್ಕು ದಿನ ಬಿಟ್ಟು ಇಳಿಸಿದಾಗ ಬ್ಯಾಟ್ ಚೆನ್ನಾಗಿ ಒಣಗಿತ್ತು, ಹೊಗೆ ವಾಸನೆ ಬರುತ್ತಿತ್ತು, ಟೋದಿಂದ ಒಂದು ಗೇಣು ಮೇಲಕ್ಕೆ ಸೀಳಿತ್ತು. ಒದ್ದೆಯಿಂದ ಆದದ್ದಕ್ಕಿಂತ ಅವಸರದಿಂದ ಒಣಗಿಸಿ ಆದ ಹಾನಿಯೇ ದೊಡ್ಡದು.

ಹಾಗಾಗಿ ಒದ್ದೆಯಾದರೆ ಒರೆಸಿ, ಗಾಳಿ ಆಡುವ ಕೋಣೆಯಲ್ಲಿ ಮಲಗಿಸಿ, ತಾನಾಗಿ ಒಣಗಲಿ. ಬಿಸಿಲು, ಒಲೆ, ಹೇರ್ ಡ್ರೈಯರ್ ಯಾವುದೂ ಬೇಡ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಆದ್ದರಿಂದ ಟೋ ಊರಿ ಗೋಡೆಗೆ ಒರಗಿಸಿ ಇಡಬೇಡಿ. ಹ್ಯಾಂಡಲಿಗೆ ದಾರ ಕಟ್ಟಿ ಒಳಗಿನ ಗೋಡೆಗೆ ನೇತುಹಾಕಿ, ಮಳೆ ಬಡಿಯುವ ಹೊರಗೋಡೆಗೆ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಸ್ಟು ಹಿಡಿಯುತ್ತದೆ, ಹಳೆಯ ಹತ್ತಿ ಸೀರೆ ಸುತ್ತಿ. ಟೋ ಗಾರ್ಡ್ ಹಾಕಿಸಿಯೇ ತನ್ನಿ, ಅಂಟು ಬಿಟ್ಟಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

ಬ್ಯಾಟಿಗೆ ಹಚ್ಚುವ ಎಣ್ಣೆ ಅಂದರೆ ಹಸಿ ಅಗಸೆ ಎಣ್ಣೆ (ರಾ ಲಿನ್ಸೀಡ್). ಪೇಂಟ್ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಬಾಯ್ಲ್ಡ್ ಲಿನ್ಸೀಡ್ ಕೊಟ್ಟುಬಿಡುತ್ತಾರೆ, ಅದು ಬೇಡ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ಒಂದು ಚಮಚೆಯಷ್ಟನ್ನು ಬಟ್ಟೆಯಲ್ಲಿ ತಗೊಂಡು ಮುಖ, ಎಡ್ಜ್, ಟೋಗೆ ತೆಳ್ಳಗೆ ಹಚ್ಚಿ ಅಡ್ಡ ಮಲಗಿಸಿ. ಮರುದಿನ ಒರೆಸಿ ಇನ್ನೊಮ್ಮೆ. ಸ್ಪ್ಲೈಸಿಗೆ ಹಚ್ಚಬೇಡಿ, ಅಂಟು ಸಡಿಲ ಆಗುತ್ತದೆ. ಮುಖಕ್ಕೆ ಪಾರದರ್ಶಕ ಶೀಟ್ ಅಂಟಿಸಿದ್ದರೆ ಅಲ್ಲಿ ಎಣ್ಣೆಯ ಕೆಲಸವಿಲ್ಲ.

ನಾಕಿಂಗ್, ಅಂದರೆ ಹೊಸ ಬ್ಯಾಟನ್ನು ತಟ್ಟಿ ತಟ್ಟಿ ಪಳಗಿಸುವುದು, ಅದನ್ನು ಮಾಡದೆ ಮ್ಯಾಚಿಗೆ ಕೊಡಬೇಡಿ. 'ರೆಡಿ ಟು ಪ್ಲೇ' ಅಂತ ಬರೆದಿದ್ದರೂ ಸರಿ. ಮರದ ಕೊಡತಿ ಇದ್ದರೆ ಒಳ್ಳೆಯದು, ಇಲ್ಲವಾದರೆ ಹಳೆಯ ಲೆದರ್ ಬಾಲನ್ನು ಕಾಲುಚೀಲದಲ್ಲಿ ಹಾಕಿ ಕಟ್ಟಿ. ಮೊದಲು ಮೆಲ್ಲಗೆ, ತೆಂಗಿನಕಾಯಿ ಬೆಳೆದಿದೆಯಾ ಅಂತ ತಟ್ಟಿ ನೋಡುವಷ್ಟೇ ಬಲದಲ್ಲಿ. ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಿ, ಒಟ್ಟು ಐದಾರು ತಾಸು. ಎಡ್ಜ್‌ಗೆ ನೇರ ಹೊಡೆಯದೆ ಓರೆಯಾಗಿ ಹೊಡೆದು ಮೂಲೆಯನ್ನು ದುಂಡಗೆ ಮಾಡಬೇಕು. ಟೋದ ಅಡಿಗೆ ಹೊಡೆಯಬಾರದು, ಬೆನ್ನಿಗೂ ಬೇಡ. ಆಮೇಲೆ ನೆಟ್ಸಿನಲ್ಲಿ ಹಳೆಯ ಚೆಂಡಿಗೆ ಮೆಲ್ಲಗೆ ಆಡಿಸಿ. ಹೊಸ ಚೆಂಡಿನ ಗುರುತು ಆಳಕ್ಕೆ ಬಿದ್ದರೆ ಮತ್ತೆ ಕೊಡತಿಗೆ ವಾಪಸ್. ಆರು ಗ್ರೇನಿನ ಬ್ಯಾಟಿಗೆ ಇದು ಇನ್ನೂ ಒಂದು ತಾಸು ಜಾಸ್ತಿ ಬೇಡುತ್ತದೆ.

ಈ ಲೆಕ್ಕದಲ್ಲಿ ತಗೊಳ್ಳಲು ಒಳ್ಳೆಯ ಸಮಯ ಮೇ ಕೊನೆ. ನಮ್ಮಲ್ಲಿ ಲೆದರ್ ಬಾಲ್ ಮತ್ತೆ ಶುರುವಾಗುವುದು ಮಳೆ ಬಿಟ್ಟು, ಗ್ರೌಂಡ್ ಆರಿದ ಮೇಲೆ. ನಡುವೆ ಪೂರ್ತಿ ನಾಲ್ಕು ತಿಂಗಳು ಸಿಗುತ್ತದೆ. ಹುಡುಗ ಜಗಲಿಯಲ್ಲಿ ಕೂತು ದಿನಾ ಕಾಲು ತಾಸು ಟಕ್ ಟಕ್ ಅನ್ನಿಸಲಿ. ಪರೀಕ್ಷೆಯ ಪೇಪರ್ ತಿದ್ದುವಾಗ ನಿಮಗೆ ಕಿರಿಕಿರಿ ಆಗಬಹುದು, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.